ಹಿಂಗಾಲು ಸೋತಾಗ: ಸಾಕುಪ್ರಾಣಿಗಳ ಬೆನ್ನುಹುರಿ ರೋಗಗಳು ಮತ್ತು ಪಶು ನರರೋಗ ತಜ್ಞರ ಕೆಲಸ

ನಾಯಿಯೊಂದು ಹಿಂಗಾಲುಗಳ ಬಲ ಕಳೆದುಕೊಂಡು ನೆಲದ ಮೇಲೆ ತೆವಳತೊಡಗಿದಾಗ ಮನೆಯವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ‘ಏನಾಯಿತು’ ಎಂಬುದಾದರೆ, ನರರೋಗಗಳಲ್ಲಿ ಪರಿಣತಿ ಪಡೆದ ಪಶುವೈದ್ಯರು ಮೊದಲು ಕೇಳಿಕೊಳ್ಳುವ ಪ್ರಶ್ನೆ ‘ಎಲ್ಲಿ ಆಗಿದೆ’ ಎಂಬುದು. ಮಿದುಳಿನಿಂದ ಹೊರಟ ಆಜ್ಞೆ ಬೆನ್ನುಹುರಿಯಲ್ಲಿ ಇಳಿದು, ಅಲ್ಲಿಂದ ಕವಲೊಡೆದ ನರಗಳ ಮೂಲಕ ಸ್ನಾಯುಗಳನ್ನು ಮುಟ್ಟುವ ಹಾದಿಯಲ್ಲಿ ಯಾವ ಜಾಗ ಕೆಟ್ಟರೂ ಕಾಲು ಸೋಲಬಹುದಾದ್ದರಿಂದ, ಜಾಗವನ್ನು ಗುರುತಿಸುವ ಮೊದಲೇ ರೋಗದ ಹೆಸರು ಹೇಳಹೊರಟರೆ ಚಿಕಿತ್ಸೆ ದಾರಿ ತಪ್ಪುವ ಸಂಭವವೇ ಹೆಚ್ಚು. ಈ ತಜ್ಞರ ವರ್ಷಗಟ್ಟಲೆಯ ತರಬೇತಿಯ ಬಹುಪಾಲು ಆ ಒಂದು ಪ್ರಶ್ನೆಗೆ ಕಣ್ಣು ಮತ್ತು ಕೈಗಳಿಂದಲೇ ಉತ್ತರ ಹುಡುಕುವುದನ್ನು ಕಲಿಯುವುದರಲ್ಲಿ ಕಳೆಯುತ್ತದೆ. ಪ್ರಾಣಿ ಸಾಕುವವರು ಅದರ ತಿರುಳನ್ನಷ್ಟೇ ಅರಿತರೂ, ಆಸ್ಪತ್ರೆ ತಲುಪುವವರೆಗಿನ ಕೆಲವು ಗಂಟೆಗಳಲ್ಲಿ ಯಾವುದನ್ನು ಗಮನಿಸಬೇಕು, ಯಾವುದನ್ನು ಮಾಡಲೇಬಾರದು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ನಾಯಿಯ ಬೆನ್ನೆಲುಬಿನಲ್ಲಿ ಕುತ್ತಿಗೆಗೆ 7, ಎದೆಯ ಭಾಗಕ್ಕೆ 13, ಸೊಂಟಕ್ಕೆ 7, ತ್ರಿಕ ಎಂದು ಕರೆಯುವ ಹಿಂಭಾಗಕ್ಕೆ 3 ಮಣಿಗಳಿದ್ದು, ಅವುಗಳ ನಡುವಿನ ಕೊಳವೆಯಲ್ಲಿ ಬೆನ್ನುಹುರಿ ಸಾಗಿ ಸಾಮಾನ್ಯವಾಗಿ ಸೊಂಟದ ಆರನೆಯ ಮಣಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಮುಂಗಾಲುಗಳನ್ನು ಆಳುವ ನರಗಳು ಕುತ್ತಿಗೆಯ ಕೆಳತುದಿಯಲ್ಲೂ ಹಿಂಗಾಲು, ಮೂತ್ರಕೋಶ, ಗುದದ್ವಾರಗಳನ್ನು ಆಳುವ ನರಗಳು ಸೊಂಟದ ಕೊನೆಯ ಭಾಗದಲ್ಲೂ ಹುಟ್ಟುವುದರಿಂದ, ತಜ್ಞರು ಬೆನ್ನುಹುರಿಯನ್ನು ನಾಲ್ಕು ವಿಭಾಗಗಳಾಗಿ ಎಣಿಸುತ್ತಾರೆ: ಕುತ್ತಿಗೆಯ ಮೇಲ್ಭಾಗ, ಮುಂಗಾಲಿನ ನರಗಳು ಹೊರಡುವ ಉಬ್ಬು, ಎದೆಯಿಂದ ಸೊಂಟದ ನಡುವರೆಗಿನ ಉದ್ದನೆಯ ಭಾಗ, ಹಿಂಗಾಲಿನ ನರಗಳು ಹೊರಡುವ ಉಬ್ಬು. ನಾಲ್ಕು ಕಾಲುಗಳೂ ಸೋತಿದ್ದರೆ ಕೆಡುಕು ಕುತ್ತಿಗೆಯಲ್ಲಿರಬಹುದು. ಮುಂಗಾಲು ಸರಿಯಾಗಿದ್ದು ಹಿಂಗಾಲುಗಳು ಮಾತ್ರ ಸೋತು, ಅವುಗಳ ಪ್ರತಿವರ್ತನೆ, ಅಂದರೆ ತಟ್ಟಿದಾಗ ತಾನಾಗಿ ಮಿಡಿಯುವ ಗುಣ ಉಳಿದಿದ್ದರೆ ಅಥವಾ ಇನ್ನೂ ಚುರುಕಾಗಿದ್ದರೆ ಕೆಡುಕು ಮೂರನೆಯ ಭಾಗದಲ್ಲಿದೆ. ಅದೇ ಪ್ರತಿವರ್ತನೆ ಸತ್ತು ಕಾಲು ಬಟ್ಟೆಯಂತೆ ಜೋತುಬಿದ್ದಿದ್ದರೆ ಕೆಡುಕು ನಾಲ್ಕನೆಯ ಭಾಗದಲ್ಲಿದೆ.

ಈ ಮೂರನೆಯ ಭಾಗದ ಅತಿ ಸಾಮಾನ್ಯ ರೋಗವೆಂದರೆ ಡಿಸ್ಕ್ ಒಡೆದು ಬೆನ್ನುಹುರಿಯನ್ನು ಒತ್ತುವುದು. ಮಣಿಮಣಿಗಳ ನಡುವೆ ಇರುವ ಡಿಸ್ಕ್ ಎಂಬ ಮೆತ್ತೆಗೆ ಹೊರಗೆ ನಾರಿನ ಗಟ್ಟಿ ಬಳೆ, ಒಳಗೆ ನೀರು ತುಂಬಿದ ಲೋಳೆ ತಿರುಳು ಇರುತ್ತದೆ. ಸ್ವೀಡನ್ನಿನ ಹಾನ್ಸ್-ಯೋರ್ಗನ್ ಹಾನ್ಸೆನ್ 1952ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಯಿಗಳ ಡಿಸ್ಕ್ ಕೆಡುವ ಬಗೆಗಳನ್ನು ಎರಡಾಗಿ ವಿಂಗಡಿಸಿದರು, ಮತ್ತು ಆ ವಿಂಗಡಣೆ ಇಂದಿಗೂ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ. ಡ್ಯಾಕ್ಸ್‌ಹುಂಡ್, ಪೆಕಿನೀಸ್, ಬೀಗಲ್, ಫ್ರೆಂಚ್ ಬುಲ್‌ಡಾಗ್‌ನಂಥ ತಳಿಗಳಲ್ಲಿ ಒಳಗಿನ ತಿರುಳು ಮರಿಯ ವಯಸ್ಸಿನಲ್ಲೇ ನೀರು ಕಳೆದುಕೊಂಡು, ಸುಣ್ಣ ಕಟ್ಟಿ, ಎಳನೀರಿನ ಗಂಜಿಯಂತೆ ಇದ್ದದ್ದು ಕೊಬ್ಬರಿಯ ತುರಿಯಂತಾಗುತ್ತದೆ. ಒಂದು ದಿನ ಮೇಲಿನ ಬಳೆ ಬಿರಿದು ಈ ಗಟ್ಟಿ ತಿರುಳು ರಭಸದಿಂದ ಮೇಲಕ್ಕೆ ಚಿಮ್ಮಿ ಬೆನ್ನುಹುರಿಗೆ ಬಡಿಯುತ್ತದೆ, ಬಡಿದ ಮೇಲೆ ಅಲ್ಲೇ ಕುಳಿತು ಒತ್ತುತ್ತದೆ. ಹಾನಿ ಈ ಎರಡರಿಂದಲೂ ಆಗುತ್ತದೆ ಎಂಬುದನ್ನು ಮರೆಯಬಾರದು, ಏಕೆಂದರೆ ಶಸ್ತ್ರಚಿಕಿತ್ಸೆ ಒತ್ತಡವನ್ನು ತೆಗೆಯಬಲ್ಲದೇ ಹೊರತು ಮೊದಲ ಪೆಟ್ಟಿನ ಗಾಯವನ್ನು ಅಳಿಸಲಾರದು. ಎರಡನೆಯ ಬಗೆ ವಯಸ್ಸಾದ ದೊಡ್ಡ ನಾಯಿಗಳಲ್ಲಿ ಹೆಚ್ಚು. ಅಲ್ಲಿ ಬಳೆಯೇ ತಿಂಗಳುಗಟ್ಟಲೆ ನಿಧಾನವಾಗಿ ಉಬ್ಬಿ ಹುರಿಯನ್ನು ಒತ್ತುತ್ತದೆ.

ಎಲ್ಲ ಡಿಸ್ಕುಗಳೂ ಸಮಾನವಾಗಿ ಒಡೆಯುವುದಿಲ್ಲ ಎಂಬುದಕ್ಕೆ ದೇಹರಚನೆಯೇ ಕಾರಣ. ಎದೆಯ ಭಾಗದಲ್ಲಿ ಎಡ ಮತ್ತು ಬಲ ಪಕ್ಕೆಲುಬುಗಳ ತಲೆಗಳನ್ನು ಡಿಸ್ಕಿನ ಮೇಲಿಂದ ಹಾಯ್ದು ಕಟ್ಟುವ ಅಡ್ಡ ನಾರೊಂದು ಸುಮಾರು ಹತ್ತನೆಯ ಪಕ್ಕೆಲುಬಿನವರೆಗೆ ಕಾವಲಾಗಿ ನಿಂತಿರುತ್ತದೆ. ಅದು ಮುಗಿಯುವಲ್ಲಿಂದ, ಅಂದರೆ ಪಕ್ಕೆಲುಬಿನ ಗೂಡು ಸೊಂಟವನ್ನು ಸೇರುವ ಕಡೆ, ಹೆಚ್ಚಿನ ಅವಘಡಗಳು ಸಂಭವಿಸುತ್ತವೆ. ಡ್ಯಾಕ್ಸ್‌ಹುಂಡ್‌ಗಳಲ್ಲಿ ಸುಮಾರು ಐದರಲ್ಲೊಂದು ನಾಯಿ ತನ್ನ ಬಾಳಿನಲ್ಲಿ ಒಮ್ಮೆಯಾದರೂ ಈ ರೋಗದ ಲಕ್ಷಣ ತೋರುತ್ತದೆಂದು ಅಂದಾಜಿದ್ದು, 3ರಿಂದ 7 ವರ್ಷದ ನಡುವಿನ ವಯಸ್ಸು ಹೆಚ್ಚು ಅಪಾಯದ್ದು. ಬೆಳವಣಿಗೆಯನ್ನು ನಿಯಂತ್ರಿಸುವ ಎಫ್‌ಜಿಎಫ್4 ಎಂಬ ವಂಶವಾಹಿಯ ಒಂದು ಹೆಚ್ಚುವರಿ ಪ್ರತಿ ಹದಿನೆಂಟನೆಯ ವರ್ಣತಂತುವಿನಲ್ಲಿ ಸೇರಿಕೊಂಡದ್ದರಿಂದ ಇಂಥ ತಳಿಗಳ ಕಾಲು ಗಿಡ್ಡವಾಯಿತೆಂದು 2009ರಲ್ಲಿ ತಿಳಿದರೆ, ಅದರದೇ ಇನ್ನೊಂದು ಪ್ರತಿ ಹನ್ನೆರಡನೆಯ ವರ್ಣತಂತುವಿನಲ್ಲಿದ್ದು ಡಿಸ್ಕ್ ಬೇಗ ಕೆಡಲು ಕಾರಣವಾಗುತ್ತದೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2017ರಲ್ಲಿ ತೋರಿಸಿದರು. ಚೆಂದವೆಂದು ಮನುಷ್ಯರು ಆರಿಸಿ ಬೆಳೆಸಿದ ರೂಪಕ್ಕೆ ಪ್ರಾಣಿ ತೆರುತ್ತಿರುವ ಬೆಲೆ ಇದು ಎಂಬ ಮಾತನ್ನು ತಳಿ ಬೆಳೆಸುವವರಾಗಲಿ ಕೊಳ್ಳುವವರಾಗಲಿ ತಳ್ಳಿಹಾಕುವಂತಿಲ್ಲ.

ಇಂಥ ರೋಗಿಗಳನ್ನು ನೋಡುವ ವೈದ್ಯರ ಶಿಕ್ಷಣ ಅಮೆರಿಕದಲ್ಲಿ ಈ ಬಗೆಯಲ್ಲಿ ಸಾಗುತ್ತದೆ: ಪದವಿಪೂರ್ವದ ವಿಜ್ಞಾನ ಅಧ್ಯಯನದ ನಂತರ ನಾಲ್ಕು ವರ್ಷಗಳ ಪಶುವೈದ್ಯ ಪದವಿ, ಬಳಿಕ ಎಲ್ಲ ವಿಭಾಗಗಳಲ್ಲೂ ಸರದಿಯಂತೆ ದುಡಿಯುವ ಒಂದು ವರ್ಷದ ಇಂಟರ್ನ್‌ಶಿಪ್, ಅನಂತರ ಸಾಮಾನ್ಯವಾಗಿ ಮೂರು ವರ್ಷಗಳ ರೆಸಿಡೆನ್ಸಿ, ಅಂದರೆ ಪರಿಣತರ ಕೈಕೆಳಗೆ ಆಸ್ಪತ್ರೆಯಲ್ಲೇ ಕಳೆಯುವ ವಿಶೇಷ ತರಬೇತಿ. ಅಲ್ಲಿ ನರಗಳ ರಚನಾಶಾಸ್ತ್ರ, ಅಂಗಾಂಶ ಪರೀಕ್ಷೆ, ಚಿತ್ರಣ ತಂತ್ರ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಒಟ್ಟಿಗೆ ಕಲಿತು, ಸಂಶೋಧನಾ ಲೇಖನ ಬರೆದು, ಅಮೆರಿಕದ ಪಶು ಆಂತರಿಕ ವೈದ್ಯಕೀಯ ಕಾಲೇಜು ನಡೆಸುವ ಕಠಿಣ ಪರೀಕ್ಷೆಗಳಲ್ಲಿ ತೇರ್ಗಡೆಯಾದವರು ಮಾತ್ರ ‘ಡಿಪ್ಲೊಮೇಟ್’ ಎಂಬ ಮನ್ನಣೆ ಪಡೆಯುತ್ತಾರೆ. ಕಾಲೇಜು ಎಂಬ ಹೆಸರಿದ್ದರೂ ಇದು ಪಾಠ ಹೇಳುವ ಕಟ್ಟಡವಾಗಿರದೆ ಪರಿಣತಿಯನ್ನು ಅಳೆದು ದೃಢೀಕರಿಸುವ ವೃತ್ತಿಸಂಸ್ಥೆ. ಯುರೋಪಿನಲ್ಲಿ ಇದೇ ಕೆಲಸವನ್ನು ಯುರೋಪಿಯನ್ ಪಶು ನರವಿಜ್ಞಾನ ಕಾಲೇಜು ಮಾಡುತ್ತದೆ. ಈ ಶಾಸ್ತ್ರದ ಅಡಿಪಾಯ ತೀರ ಹಳೆಯದೇನಲ್ಲ: ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜಾನ್ ಮೆಗ್ರಾತ್ ನಾಯಿಯ ನರಪರೀಕ್ಷೆಯನ್ನು ಕ್ರಮಬದ್ಧವಾಗಿ ವಿವರಿಸುವ ಪುಸ್ತಕವನ್ನು 1956ರಲ್ಲಿ ಹೊರತಂದರು, ಆಬರ್ನ್ ವಿಶ್ವವಿದ್ಯಾಲಯದ ಬಿ. ಎಫ್. ಹರ್ಲೈನ್ 1965ರಲ್ಲಿ ನಾಯಿಗಳ ನರರೋಗಗಳ ಬೃಹತ್ ಗ್ರಂಥವನ್ನು ಪ್ರಕಟಿಸಿದರು, ಕಾರ್ನೆಲ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಡಿ ಲಹುಂಟಾ 1977ರಲ್ಲಿ ಹೊರತಂದ ನರರಚನಾಶಾಸ್ತ್ರದ ಪುಸ್ತಕ ತಲೆಮಾರುಗಳ ವಿದ್ಯಾರ್ಥಿಗಳಿಗೆ ಆಧಾರಗ್ರಂಥವಾಯಿತು.

ಭಾರತದಲ್ಲಿ ಪಶುವೈದ್ಯ ಪದವಿ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷಗಳದ್ದಾಗಿದ್ದು, ಸ್ನಾತಕೋತ್ತರ ವಿದ್ಯಾರ್ಥಿಗಳು ಶಸ್ತ್ರಚಿಕಿತ್ಸೆ ಅಥವಾ ವೈದ್ಯಕೀಯ ವಿಭಾಗದಲ್ಲಿ ಪರಿಣತಿ ಪಡೆಯುತ್ತಾರೆ. ಬೆನ್ನುಹುರಿಯ ರೋಗಿಗಳನ್ನು ಹೆಚ್ಚಾಗಿ ನೋಡಿಕೊಳ್ಳುವವರು ಈ ಎರಡು ವಿಭಾಗಗಳವರೇ. ಕರ್ನಾಟಕದಲ್ಲಿ ಸಾಕುವವರು ಮೊದಲು ತಮ್ಮ ಎಂದಿನ ವೈದ್ಯರಲ್ಲಿಗೆ ಹೋಗಿ, ಬೇಕೆನಿಸಿದಾಗ ಅವರ ಪತ್ರದೊಂದಿಗೆ ಬೆಂಗಳೂರಿನ ಹೆಬ್ಬಾಳದಲ್ಲಿರುವಂಥ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗೋ ಬೆನ್ನಿನ ಶಸ್ತ್ರಚಿಕಿತ್ಸೆಯಲ್ಲಿ ಅನುಭವವಿರುವ ಖಾಸಗಿ ಆಸ್ಪತ್ರೆಗೋ ಹೋಗುವುದು ಸೂಕ್ತ. ಆ ವೈದ್ಯರು ಇಂಥ ಶಸ್ತ್ರಚಿಕಿತ್ಸೆಯನ್ನು ಎಷ್ಟು ಬಾರಿ ಮಾಡಿದ್ದಾರೆ, ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಎಲ್ಲಿ ಆಗುತ್ತದೆ, ರಾತ್ರಿ ಹೊತ್ತು ಪ್ರಾಣಿಯನ್ನು ನೋಡಿಕೊಳ್ಳುವವರು ಯಾರು ಎಂದು ಸಂಕೋಚವಿಲ್ಲದೆ ಕೇಳಬೇಕು. ಒಳ್ಳೆಯ ವೈದ್ಯರು ಇಂಥ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ಪರೀಕ್ಷೆ ಪ್ರಾಣಿಯನ್ನು ಮುಟ್ಟುವ ಮೊದಲೇ ಆರಂಭವಾಗುತ್ತದೆ. ಅದು ತಾನಾಗಿ ನಡೆಯುವುದನ್ನು ಜಾರದ ನೆಲದ ಮೇಲೆ ನೋಡಿ, ಕಾಲು ಕುಂಟುತ್ತಿದೆಯೋ ತೂರಾಡುತ್ತಿದೆಯೋ ಎಂದು ತಜ್ಞರು ಬೇರ್ಪಡಿಸುತ್ತಾರೆ: ಕುಂಟುವುದು ಸಾಮಾನ್ಯವಾಗಿ ಮೂಳೆ ಕೀಲುಗಳ ನೋವಿನ ಗುರುತಾದರೆ, ಕಾಲು ಎಲ್ಲಿದೆಯೆಂಬ ಅರಿವೇ ತಪ್ಪಿ ಅಡ್ಡಾದಿಡ್ಡಿ ಬೀಳುವುದು ನರಗಳ ಕೆಡುಕಿನ ಗುರುತು. ಆಮೇಲೆ ಪಾದವನ್ನು ಮಗುಚಿ ಬೆನ್ನಡಿಯಾಗಿ ನೆಲಕ್ಕೆ ತಾಗಿಸಿದರೆ, ಆರೋಗ್ಯವಂತ ನಾಯಿ ಕ್ಷಣಾರ್ಧದಲ್ಲಿ ಅದನ್ನು ಸರಿಮಾಡಿಕೊಳ್ಳುತ್ತದೆ, ಹುರಿ ಕೆಟ್ಟ ನಾಯಿ ಹಾಗೆಯೇ ನಿಂತಿರುತ್ತದೆ. ಮೊಣಕಾಲಿನ ಕೆಳಗೆ ಸುತ್ತಿಗೆಯಿಂದ ತಟ್ಟಿ ಪ್ರತಿವರ್ತನೆ ನೋಡಿದ ಬಳಿಕ, ಸೊಂಟದಿಂದ ಮುಂದಕ್ಕೆ ಬೆನ್ನಿನ ಇಕ್ಕೆಲದ ಚರ್ಮವನ್ನು ಅಂಗುಲ ಅಂಗುಲವಾಗಿ ಚಿವುಟುತ್ತಾ ಹೋದರೆ, ನೊಣ ಕುಳಿತಾಗ ಅದುರುವಂತೆ ಚರ್ಮ ಎಲ್ಲಿಂದ ಅದುರತೊಡಗುತ್ತದೋ ಅದಕ್ಕಿಂತ ತುಸು ಮುಂದೆ ಹುರಿಯ ಗಾಯವಿದೆಯೆಂದು ಊಹಿಸಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಆಳನೋವಿನ ಪರೀಕ್ಷೆ, ಮತ್ತು ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇದರ ಬಗ್ಗೆಯೇ. ಚಲನೆ ಪೂರ್ತಿ ನಿಂತ ಕಾಲಿನ ಬೆರಳಿನ ಮೂಳೆಯನ್ನು ಇಕ್ಕಳದಿಂದ ಗಟ್ಟಿಯಾಗಿ ಹಿಸುಕಿದಾಗ ನಾಯಿ ತಿರುಗಿ ನೋಡಿದರೆ, ಕೂಗಿದರೆ, ಕಚ್ಚಲು ಬಂದರೆ ನೋವಿನ ಸುದ್ದಿ ಮಿದುಳನ್ನು ತಲುಪುತ್ತಿದೆಯೆಂದು ಅರ್ಥ. ಕಾಲನ್ನು ಹಿಂದಕ್ಕೆ ಸೆಳೆದುಕೊಂಡಿತೆಂಬುದು ಮಾತ್ರ ಅದಕ್ಕೆ ಸಾಕ್ಷಿಯಾಗುವುದಿಲ್ಲ. ಸೆಳೆದುಕೊಳ್ಳುವುದು ಗಾಯದ ಕೆಳಗೆ ಉಳಿದಿರುವ ಹುರಿಯ ತುಂಡು ಮಿದುಳನ್ನು ಕೇಳದೆಯೇ ಮಾಡುವ ಪ್ರತಿವರ್ತನೆಯಾದ್ದರಿಂದ, ಹುರಿ ಪೂರ್ತಿ ತುಂಡಾದ ನಾಯಿಯೂ ಕಾಲು ಸೆಳೆದುಕೊಳ್ಳಬಲ್ಲದು. ‘ಕಾಲು ಎಳೆದುಕೊಳ್ಳುತ್ತಿದೆ, ಹಾಗಾದರೆ ಪರವಾಗಿಲ್ಲ’ ಎಂದು ಮನೆಯವರು ಎರಡು ದಿನ ಕಾದು ಕಳೆಯುವುದು ಈ ತಪ್ಪಿನಿಂದಲೇ, ಮತ್ತು ಆ ಎರಡು ದಿನಗಳ ನಷ್ಟವನ್ನು ತುಂಬಿಕೊಡಲು ಎಷ್ಟೋ ಸಲ ಯಾರಿಂದಲೂ ಆಗುವುದಿಲ್ಲ. ಡಿಸ್ಕ್ ಒಡೆದ ನಾಯಿಗಳಲ್ಲಿ ಆಳನೋವಿನ ಅರಿವು ಉಳಿದಿರುವಾಗಲೇ ಶಸ್ತ್ರಚಿಕಿತ್ಸೆಯಾದರೆ ಶೇಕಡಾ 90ಕ್ಕಿಂತ ಹೆಚ್ಚಿನವು ಮತ್ತೆ ನಡೆಯುತ್ತವೆ. ಅರಿವು ಅಳಿದ ಮೇಲೆ ಈ ಪ್ರಮಾಣ ಶೇಕಡಾ 50–60ರ ಆಸುಪಾಸಿಗೆ ಇಳಿಯುತ್ತದೆ. ಹೀಗೆ ಅರಿವು ಅಳಿದವುಗಳಲ್ಲಿ ಸುಮಾರು ಹತ್ತಕ್ಕೊಂದು ಅಥವಾ ಅದಕ್ಕೂ ಹೆಚ್ಚು ನಾಯಿಗಳಲ್ಲಿ ಹುರಿಯೇ ಕರಗತೊಡಗಿ, ಕೆಲವೇ ದಿನಗಳಲ್ಲಿ ಆ ಕರಗುವಿಕೆ ಮೇಲೇರಿ ಉಸಿರಾಟದ ಸ್ನಾಯುಗಳನ್ನು ನಿಲ್ಲಿಸುವುದುಂಟು; ಇದಕ್ಕೆ ಖಚಿತ ಚಿಕಿತ್ಸೆಯಿಲ್ಲದ್ದರಿಂದ, ವೈದ್ಯರು ಶಸ್ತ್ರಚಿಕಿತ್ಸೆಗೆ ಮೊದಲೇ ಈ ಸಾಧ್ಯತೆಯನ್ನು ಮನೆಯವರಿಗೆ ಬಿಚ್ಚಿ ಹೇಳಬೇಕಾಗುತ್ತದೆ.

ಜಾಗ ಗೊತ್ತಾದ ಮೇಲಷ್ಟೇ ಯಂತ್ರಗಳ ಸರದಿ. ಸಾಮಾನ್ಯ ಎಕ್ಸ್-ರೇ ಮೂಳೆ ಮುರಿತವನ್ನೂ ಸುಣ್ಣಗಟ್ಟಿದ ಡಿಸ್ಕನ್ನೂ ತೋರಿಸುತ್ತದೆಯಾದರೂ ಬೆನ್ನುಹುರಿಯನ್ನು ತೋರಿಸುವುದಿಲ್ಲ, ಆದ್ದರಿಂದ ಎಕ್ಸ್-ರೇ ಚೊಕ್ಕಟವಾಗಿದೆಯೆಂದ ಮಾತ್ರಕ್ಕೆ ಹುರಿ ಕ್ಷೇಮವಾಗಿದೆ ಎನ್ನಲಾಗದು. ಹುರಿಯ ಸುತ್ತ ಬಣ್ಣದ್ರವ ಚುಚ್ಚಿ ಎಕ್ಸ್-ರೇ ತೆಗೆಯುವ ಹಳೆಯ ವಿಧಾನ ಇನ್ನೂ ಕೆಲವೆಡೆ ಬಳಕೆಯಲ್ಲಿದೆ; ಸಿಟಿ ಸ್ಕ್ಯಾನ್ ಸುಣ್ಣಗಟ್ಟಿದ ತಿರುಳನ್ನು ಕೆಲವೇ ನಿಮಿಷಗಳಲ್ಲಿ ತೋರಿಸುತ್ತದೆ; ಹುರಿಯ ಒಳಗಿನ ಊತ, ರಕ್ತಸ್ರಾವ, ಗಡ್ಡೆಗಳನ್ನೂ ಕಾಣಿಸುವ ಎಂಆರ್‌ಐ ಇವುಗಳಲ್ಲೆಲ್ಲ ಶ್ರೇಷ್ಠ. ಪ್ರಾಣಿ ಅಲುಗಾಡದೆ ಮಲಗಬೇಕಾದ್ದರಿಂದ ಎಂಆರ್‌ಐಗೆ ಪೂರ್ಣ ಅರಿವಳಿಕೆ ಕೊಡಬೇಕಾಗುತ್ತದೆಂಬುದನ್ನೂ ಸ್ಕ್ಯಾನ್ ಮುಗಿದ ಕೂಡಲೇ ಅದೇ ಅರಿವಳಿಕೆಯಲ್ಲಿ ಶಸ್ತ್ರಚಿಕಿತ್ಸೆಗೆ ಕೊಂಡೊಯ್ಯುವುದುಂಟೆಂಬುದನ್ನೂ ಮೊದಲೇ ತಿಳಿದಿದ್ದರೆ ಒಪ್ಪಿಗೆ ನೀಡುವಾಗ ಗಾಬರಿಯಾಗುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಬೆನ್ನುಮಣಿಯ ಕಮಾನಿನ ಒಂದು ಪಕ್ಕವನ್ನು ಕೊರೆದು ಕಿಟಕಿ ಮಾಡಿ, ಹುರಿಯನ್ನು ಅಲುಗಿಸದೆ ಒಡೆದ ತಿರುಳನ್ನು ಹೊರತೆಗೆಯುತ್ತಾರೆ. ಪಕ್ಕದ ಡಿಸ್ಕುಗಳು ಮುಂದೆ ಒಡೆಯದಿರಲೆಂದು ಅವುಗಳ ಬಳೆಯಲ್ಲೂ ಸಣ್ಣ ರಂಧ್ರ ಮಾಡಿ ತಿರುಳು ತೆಗೆಯುವ ಪದ್ಧತಿಯಿದೆ.

ಎಲ್ಲ ನಾಯಿಗಳಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ನೋವಷ್ಟೇ ಇರುವ, ಅಥವಾ ತೂರಾಡಿದರೂ ನಡೆಯಬಲ್ಲ ನಾಯಿಗಳಲ್ಲಿ ಹೆಚ್ಚಿನವು ನೋವುನಿವಾರಕ ಮತ್ತು ಕಟ್ಟುನಿಟ್ಟಾದ ವಿಶ್ರಾಂತಿಯಿಂದ ಚೇತರಿಸಿಕೊಳ್ಳುತ್ತವೆ. ಅಮೆರಿಕದ ಮೇಲೆ ಹೇಳಿದ ಕಾಲೇಜಿನ ತಜ್ಞರ ಸಮಿತಿ 2022ರಲ್ಲಿ ಪ್ರಕಟಿಸಿದ ಒಮ್ಮತದ ಹೇಳಿಕೆ ಇಂಥ ವಿಶ್ರಾಂತಿ ಕನಿಷ್ಠ 4 ವಾರಗಳಿರಬೇಕೆಂದು ಸೂಚಿಸುತ್ತದೆ. ವಿಶ್ರಾಂತಿಯೆಂದರೆ ಮನೆಯೊಳಗೆ ಓಡಾಡಿಕೊಂಡಿರುವುದು ಎಂದು ತಿಳಿಯಬಾರದು. ಎದ್ದು ನಿಂತು ಮಗ್ಗುಲು ಬದಲಿಸುವಷ್ಟೇ ಜಾಗವಿರುವ ಪಂಜರ ಅಥವಾ ಕಟಾಂಜನದ ಮೂಲೆಯಲ್ಲಿರಿಸಿ, ಮಲಮೂತ್ರಕ್ಕೆ ಮಾತ್ರ ಎದೆಪಟ್ಟಿ ಹಾಕಿ ಹೊರಗೆ ಕರೆದೊಯ್ಯಬೇಕು. ಎರಡನೆಯ ವಾರದಲ್ಲಿ ನೋವು ಇಳಿದು ನಾಯಿ ಲವಲವಿಕೆಯಿಂದ ಕುಣಿಯತೊಡಗಿದಾಗ ಮನೆಯವರಿಗೆ ಕನಿಕರ ಹುಟ್ಟುವುದು ಸಹಜ, ಆದರೆ ಬಿರಿದ ಬಳೆ ಆಗಿನ್ನೂ ಕೂಡಿರುವುದಿಲ್ಲವಾದ್ದರಿಂದ ಬಾಗಿಲು ತೆರೆಯಲು ಅದು ತಕ್ಕ ಹೊತ್ತಲ್ಲ. ಸ್ಟೀರಾಯ್ಡ್ ಔಷಧಿಗಳನ್ನು ಎಲ್ಲರಿಗೂ ವಾಡಿಕೆಯಂತೆ ಕೊಡುವುದನ್ನು ಇದೇ ಹೇಳಿಕೆ ಬೆಂಬಲಿಸುವುದಿಲ್ಲ. ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಮಾತ್ರೆಯನ್ನೂ ವೈದ್ಯರು ಬರೆದ ನೋವಿನ ಮಾತ್ರೆಯನ್ನೂ ಒಟ್ಟಿಗೆ ಕೊಟ್ಟರೆ ಹೊಟ್ಟೆಯ ಹುಣ್ಣು ಒಡೆದು ಜೀವಕ್ಕೇ ಕುತ್ತು ಬರಬಹುದು. ಮನುಷ್ಯರ ಐಬುಪ್ರೊಫೆನ್ ನಾಯಿಗಳಿಗೆ, ಪ್ಯಾರಸಿಟಮಾಲ್ ಬೆಕ್ಕುಗಳಿಗೆ ವಿಷ.

ಹಿಂಗಾಲು ಸೋತದ್ದೆಲ್ಲ ಡಿಸ್ಕ್ ರೋಗವೆಂದು ತೀರ್ಮಾನಿಸುವುದೂ ಅಷ್ಟೇ ಅಪಾಯದ್ದು. ಓಡುತ್ತಿದ್ದ ದೊಡ್ಡ ನಾಯಿ ಒಮ್ಮೆ ಕೂಗಿ ಬಿದ್ದು, ಕೆಲವೇ ಗಂಟೆಗಳಲ್ಲಿ ನೋವು ಮಾಯವಾಗಿ, ಒಂದು ದಿನದ ನಂತರ ಸ್ಥಿತಿ ಕೆಡದೆ ನಿಂತರೆ, ಡಿಸ್ಕಿನ ಚೂರೊಂದು ಹುರಿಯ ರಕ್ತನಾಳದಲ್ಲಿ ಸಿಲುಕಿರುವ ಸಾಧ್ಯತೆಯಿದ್ದು, ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಿಲ್ಲ, ವ್ಯಾಯಾಮ ಚಿಕಿತ್ಸೆ ಸಾಕು. ಎಂಟು ವರ್ಷ ದಾಟಿದ ಜರ್ಮನ್ ಷೆಫರ್ಡ್ ಅಥವಾ ಕೋರ್ಗಿ ನೋವೇ ಇಲ್ಲದೆ ತಿಂಗಳುಗಟ್ಟಲೆ ಹಿಂಗಾಲು ಎಳೆಯುತ್ತಾ ಹೋದರೆ ಅದು ಹುರಿಯ ನಿಧಾನ ಕ್ಷಯವಾಗಿರಬಹುದು. ಮನುಷ್ಯರ ಎಎಲ್‌ಎಸ್ ಎಂಬ ನರರೋಗದೊಂದಿಗೆ ಸಂಬಂಧವಿರುವ ಎಸ್‌ಒಡಿ1 ವಂಶವಾಹಿಯ ದೋಷವೇ ಇದಕ್ಕೂ ಕಾರಣವೆಂದು 2009ರಲ್ಲಿ ತಿಳಿದುಬಂತು. ಡಾಬರ್‌ಮನ್ ಮತ್ತು ಗ್ರೇಟ್ ಡೇನ್‌ಗಳಲ್ಲಿ ಕುತ್ತಿಗೆಯ ಮಣಿಗಳು ಹುರಿಯನ್ನು ಒತ್ತಿ ತೂರಾಟ ತರುತ್ತವೆ. ಪೊಮೆರೇನಿಯನ್, ಚಿವಾವಾಗಳಂಥ ಪುಟ್ಟ ನಾಯಿಗಳಲ್ಲಿ ಕುತ್ತಿಗೆಯ ಮೊದಲೆರಡು ಮಣಿಗಳ ಕಟ್ಟು ಹುಟ್ಟಿನಿಂದಲೇ ಸಡಿಲವಿರಬಹುದು. ಜ್ವರದೊಂದಿಗೆ ಬೆನ್ನುನೋವಿದ್ದರೆ ಡಿಸ್ಕಿಗೇ ಸೋಂಕು ತಗಲಿರಬಹುದು, ಅದು ಬ್ರುಸೆಲ್ಲಾ ರೋಗಾಣುವಿನಿಂದಾದರೆ ಮನೆಯವರಿಗೂ ಅಂಟಬಲ್ಲದು. ಬೆಕ್ಕೊಂದು ಇದ್ದಕ್ಕಿದ್ದಂತೆ ಕಿರುಚುತ್ತಾ ಹಿಂಗಾಲುಗಳನ್ನು ಎಳೆದರೆ, ಆ ಕಾಲುಗಳು ತಣ್ಣಗಿದ್ದರೆ, ಅಂಗಾಲು ಬಿಳಿಚಿದ್ದರೆ ಕೆಡುಕು ಬೆನ್ನಿನಲ್ಲಿರುವುದಿಲ್ಲ. ಹೃದಯದಿಂದ ಹೊರಟ ರಕ್ತದ ಹೆಪ್ಪು ಮಹಾಪಧಮನಿಯ ಕವಲಿನಲ್ಲಿ ಸಿಲುಕಿರುತ್ತದೆ, ಅದಕ್ಕೆ ನಿಮಿಷ ತಡಮಾಡದೆ ಆಸ್ಪತ್ರೆ ಸೇರಬೇಕು.

ಕರ್ನಾಟಕದಲ್ಲಿ ಇನ್ನೊಂದು ಎಚ್ಚರಿಕೆ ಬೇಕೇ ಬೇಕು. ರೇಬೀಸ್ ರೋಗದ ಒಂದು ರೂಪದಲ್ಲಿ ನಾಯಿ ಉಗ್ರವಾಗದೆ ಮಂಕಾಗಿ, ಹಿಂಗಾಲು ಸೋತು, ಕೆಳದವಡೆ ಜೋತು, ಜೊಲ್ಲು ಸುರಿಸುತ್ತದೆ. ಲಸಿಕೆಯಾಗದ ಅಥವಾ ಲಸಿಕೆಯ ದಾಖಲೆಯಿಲ್ಲದ ನಾಯಿಗೆ ಹೀಗಾದಾಗ ಬಾಯಿಗೆ ಕೈ ಹಾಕಬಾರದು, ಕೈಗವಸಿಲ್ಲದೆ ಮುಟ್ಟಬಾರದು, ಇರುವ ಅನುಮಾನವನ್ನು ವೈದ್ಯರಿಗೆ ಫೋನಿನಲ್ಲೇ ತಿಳಿಸಬೇಕು. ಕಚ್ಚಿದ ಅಥವಾ ಜೊಲ್ಲು ತಾಗಿದ ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಮನುಷ್ಯರ ಆಸ್ಪತ್ರೆಗೆ ಹೋಗಬೇಕು.

ಆ ಅನುಮಾನವಿಲ್ಲದಿದ್ದರೆ, ಕಾಲು ಸೋತ ಪ್ರಾಣಿಯನ್ನು ಹಲಗೆ, ಗಟ್ಟಿ ರಟ್ಟು ಅಥವಾ ಬಿಗಿಯಾಗಿ ಹಿಡಿದ ಕಂಬಳಿಯ ಮೇಲೆ ಬೆನ್ನು ಬಾಗದಂತೆ ಜಾರಿಸಿ ಎತ್ತಬೇಕು, ಕಂಕುಳಿಗೆ ಕೈ ಹಾಕಿ ಹಿಂಭಾಗವನ್ನು ಜೋಲುಬಿಡಬಾರದು. ನೋವಿನಲ್ಲಿ ಸಾಧುವಾದ ನಾಯಿಯೂ ಕಚ್ಚುವುದರಿಂದ, ವಾಂತಿ ಅಥವಾ ಉಸಿರಿನ ತೊಂದರೆಯಿಲ್ಲದಿದ್ದರೆ ಮೆತ್ತನೆ ಬಟ್ಟೆಯಿಂದ ಬಾಯಿ ಕಟ್ಟುವುದು ತಪ್ಪಲ್ಲ. ಅರಿವಳಿಕೆ ಬೇಕಾಗಬಹುದಾದ್ದರಿಂದ ದಾರಿಯಲ್ಲಿ ಊಟ ತಿನ್ನಿಸಬಾರದು. ಮೊದಲು ತೂರಾಡಿದ್ದು ಯಾವಾಗ, ಪೂರ್ತಿ ಸೋತದ್ದು ಯಾವಾಗ, ಕೊನೆಯ ಬಾರಿ ಮೂತ್ರ ಮಾಡಿದ್ದು ಯಾವಾಗ, ಯಾವ ಔಷಧಿ ಎಷ್ಟು ಕೊಟ್ಟಾಗಿದೆ ಎಂಬುದನ್ನು ಬರೆದಿಟ್ಟುಕೊಂಡು, ನಡೆಯಬಲ್ಲ ಹಂತದಲ್ಲಿದ್ದಾಗಲೇ ಮೊಬೈಲಿನಲ್ಲಿ ಅದರ ನಡಿಗೆಯನ್ನು ಚಿತ್ರಿಸಿಕೊಂಡರೆ, ‘ಎಲ್ಲಿ’ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ವೈದ್ಯರಿಗೆ ಅದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ಮನೆಗೆ ಮರಳಿದ ಮೇಲಿನ ಶುಶ್ರೂಷೆಯಲ್ಲಿ ಮೂತ್ರಕೋಶದ ಆರೈಕೆಗೆ ಮೊದಲ ಸ್ಥಾನ. ಹುರಿ ಕೆಟ್ಟ ನಾಯಿ ಹಾಸಿಗೆಯಲ್ಲಿ ಮೂತ್ರ ಜಿನುಗಿಸುತ್ತಿದ್ದರೆ ಮೂತ್ರಕೋಶ ಖಾಲಿಯಾಗುತ್ತಿದೆಯೆಂದು ಭಾವಿಸುವುದು ತಪ್ಪು. ತುಂಬಿ ತುಳುಕುತ್ತಿರುವುದೇ ಹೀಗೆ ಜಿನುಗುತ್ತದೆ. ಹೊಟ್ಟೆಯನ್ನು ಎರಡೂ ಕಡೆಯಿಂದ ಹಿತವಾಗಿ ಒತ್ತಿ ದಿನಕ್ಕೆ 3–4 ಬಾರಿ ಮೂತ್ರ ತೆಗೆಯುವುದನ್ನು ಆಸ್ಪತ್ರೆಯಲ್ಲೇ ಕೈಹಿಡಿಸಿ ಕಲಿಯಬೇಕು, ವಾಸನೆ ಅಥವಾ ಬಣ್ಣ ಬದಲಾದರೆ ಸೋಂಕಿನ ಪರೀಕ್ಷೆ ಮಾಡಿಸಬೇಕು. ದಪ್ಪ ಹಾಸಿನ ಮೇಲೆ ಮಲಗಿಸಿ ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕಾಲಿನ ಕೀಲುಗಳನ್ನು ನಿಧಾನವಾಗಿ ಮಡಿಸಿ ಚಾಚುವುದು, ಹೊಟ್ಟೆಯ ಕೆಳಗೆ ಟವೆಲ್ ಹಾಯಿಸಿ ಆಸರೆ ಕೊಟ್ಟು ನಿಲ್ಲಿಸುವುದು ಯಾವ ಮನೆಯಲ್ಲೂ ಆಗುವ ಕೆಲಸಗಳು. ಗ್ರಾನೈಟ್, ಟೈಲ್ಸ್ ನೆಲದ ಮೇಲೆ ನಾಯಿ ಓಡಾಡುವ ಹಾದಿಗೆ ಚಾಪೆ ಅಥವಾ ರಬ್ಬರ್ ಹಾಸು ಹಾಕದೆ ಚೇತರಿಕೆಯನ್ನು ನಿರೀಕ್ಷಿಸಬಾರದು. ಆಳನೋವಿನ ಅರಿವು ಉಳಿದಿದ್ದ ನಾಯಿಗಳು ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ 2–4 ವಾರಗಳಲ್ಲಿ ನಡೆಯತೊಡಗುತ್ತವೆ. ಅರಿವು ಅಳಿದಿದ್ದವು ತಿಂಗಳುಗಳನ್ನೇ ತೆಗೆದುಕೊಳ್ಳಬಹುದಾದ್ದರಿಂದ ಮೂರನೆಯ ವಾರಕ್ಕೇ ಆಸೆ ಬಿಡುವುದು ಆತುರದ ನಿರ್ಧಾರ. ನಡಿಗೆ ಮರಳದಿದ್ದರೂ ಗಾಲಿಬಂಡಿಯ ಆಸರೆಯಲ್ಲಿ ವರ್ಷಗಟ್ಟಲೆ ಸಂತೋಷವಾಗಿ ಬದುಕುವ ನಾಯಿಗಳಿವೆ, ಅವುಗಳ ಮೂತ್ರ ಮತ್ತು ಚರ್ಮವನ್ನು ನೋಡಿಕೊಳ್ಳುವ ತಾಳ್ಮೆ ಮನೆಯವರಿಗಿರಬೇಕು ಅಷ್ಟೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ದೀರ್ಘಕಾಲದ ರೋಗಿಗಳಾಗಿದ್ದ 34 ಸಾಕುನಾಯಿಗಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಯಿಯ ಮೂಗಿನಿಂದಲೇ ತೆಗೆದು ಬೆಳೆಸಿದ ವಿಶಿಷ್ಟ ಕೋಶಗಳನ್ನು ಹುರಿಯ ಗಾಯಕ್ಕೆ ಚುಚ್ಚಿದಾಗ ಮುಂಗಾಲು ಹಿಂಗಾಲುಗಳ ಹೊಂದಾಣಿಕೆ ಸುಧಾರಿಸಿದ್ದು ಕಂಡಿತು. ಮೂತ್ರದ ಹಿಡಿತ ಮರಳಲಿಲ್ಲ, ಹಾಗಾಗಿ ಇದನ್ನು ಸಿದ್ಧ ಚಿಕಿತ್ಸೆಯೆಂದು ಯಾರಾದರೂ ಮಾರಲು ಬಂದರೆ ನಂಬಬಾರದು.

ರೋಗ ಬರುವ ಮೊದಲಿನ ಎಚ್ಚರದ ಬಗ್ಗೆ ಹರಡಿರುವ ನಂಬಿಕೆಗಳಲ್ಲಿ ಒಂದನ್ನು ತಿದ್ದಬೇಕಿದೆ. ಗಿಡ್ಡ ಕಾಲಿನ ನಾಯಿಯನ್ನು ಓಡಾಡಿಸದೆ ಕೂರಿಸಿದರೆ ಬೆನ್ನು ಉಳಿಯುತ್ತದೆಂದು ಅನೇಕರು ತಿಳಿದಿದ್ದಾರೆ, ಆದರೆ ಬ್ರಿಟನ್ನಿನಲ್ಲಿ 2015ರಲ್ಲಿ ಡ್ಯಾಕ್ಸ್‌ಹುಂಡ್ ಸಾಕುವವರ ನಡುವೆ ನಡೆದ ದೊಡ್ಡ ಸಮೀಕ್ಷೆಯಲ್ಲಿ ದಿನಕ್ಕೆ ಅರ್ಧ ಗಂಟೆಗಿಂತ ಕಡಿಮೆ ವ್ಯಾಯಾಮವಿದ್ದ ನಾಯಿಗಳಲ್ಲೇ ರೋಗದ ಪ್ರಮಾಣ ಹೆಚ್ಚಾಗಿ ಕಂಡಿತು. ಸಮೀಕ್ಷೆಯಿಂದ ಕಾರಣವನ್ನು ಸಾಧಿಸಲಾಗದಿದ್ದರೂ, ಆರೋಗ್ಯವಾಗಿರುವ ನಾಯಿಗೆ ನಿಯತವಾದ ನಡಿಗೆ ಕೊಟ್ಟು ತೂಕ ಏರದಂತೆ ನೋಡಿಕೊಳ್ಳುವುದನ್ನು ಬಿಡಲು ಯಾವ ಆಧಾರವೂ ಇಲ್ಲ. ಮರಿ ಕೊಳ್ಳುವವರು ತಂದೆತಾಯಿಗಳಿಗಾಗಲಿ ಒಡಹುಟ್ಟಿದವಕ್ಕಾಗಲಿ ಬೆನ್ನಿನ ತೊಂದರೆ ಬಂದಿತ್ತೇ ಎಂದು ವಿಚಾರಿಸುವುದು ಒಳ್ಳೆಯದು. ಡ್ಯಾಕ್ಸ್‌ಹುಂಡ್ ತಳಿಯ ಬಹುತೇಕ ಎಲ್ಲ ನಾಯಿಗಳೂ ದೋಷದ ವಂಶವಾಹಿಯನ್ನು ಹೊತ್ತಿರುವುದರಿಂದ ವಂಶವಾಹಿ ಪರೀಕ್ಷೆ ಆ ತಳಿಯೊಳಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಡೆನ್ಮಾರ್ಕ್ ಮೊದಲಾದ ಉತ್ತರ ಯುರೋಪಿನ ದೇಶಗಳಲ್ಲಿ ಎರಡರಿಂದ ನಾಲ್ಕು ವರ್ಷದೊಳಗಿನ ನಾಯಿಗಳ ಬೆನ್ನಿನ ಎಕ್ಸ್-ರೇ ತೆಗೆದು, ಸುಣ್ಣಗಟ್ಟಿದ ಡಿಸ್ಕುಗಳನ್ನು ಎಣಿಸಿ, ಹೆಚ್ಚು ಇರುವವುಗಳನ್ನು ಸಂತಾನಕ್ಕೆ ಬಳಸದಿರುವ ಪದ್ಧತಿ ಬೆಳೆದಿದೆ, ಮತ್ತು ಇದಕ್ಕೆ ಬೇಕಾದ ಎಕ್ಸ್-ರೇ ಯಂತ್ರ ಕರ್ನಾಟಕದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಈಗಾಗಲೇ ಇದೆ.